ಬೀಗರ ಕಾರಿಗೆ ಹೋಳಿಗೆಯ ಕಣಕ

ಪಂಚಮಿ ಮುಗಿಸಿದ ನನ್ನ ತಂಗಿಯನ್ನು ಕರೆದೊಯ್ಯಲು ಅವಳ ಗಂಡ ಲಕ್ಷ್ಮೇಶ್ವರದಿಂದ ಬೆಟಗೇರಿಯ ನಮ್ಮ ಮನೆಗೆ ಬಂದದ್ದು ತನ್ನ ಅಪ್ಪನ ಬಿಳಿ ಕಾರಿನಲ್ಲಿ. ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ನಮ್ಮ ಓಣಿಯಲ್ಲಿ ಕಾರು ನಿಂತಿತೆಂದರೆ ಒಂದೋ ಎಲೆಕ್ಷನ್ ಬಂದಿರಬೇಕು, ಇಲ್ಲವೇ ಯಾರಿಗೋ ಜಡ್ಡು ಜಾಸ್ತಿಯಾಗಿರಬೇಕು.

ಆ ಬೇಸಿಗೆಯಲ್ಲೇ ಅವಳ ಮದುವೆಯಾಗಿತ್ತು. ಹಬ್ಬಕ್ಕೆ ಬಂದಾಗಿನಿಂದ ಗಂಡನ ಮನೆಯವರು ಹೇಗೆ ಎಂದು ಕೇಳಿದರೆ "ಛಲೋ ಅದಾರ" ಎಂದಷ್ಟೇ ಹೇಳಿ ಒಳಗೆ ಹೋಗಿಬಿಡುತ್ತಿದ್ದಳು. ಎರಡೇ ಮಾತು. ಅದರ ಹಿಂದೆ ಏನೇನು ಅಡಗಿದೆಯೋ ಎಂದು ನನಗೆ ಊಟ ಸೇರುತ್ತಿರಲಿಲ್ಲ. ಚಿಂತೆ ಮಾಡುವುದರಲ್ಲಿ ನನ್ನ ಕೈ ಆಗಲೇ ಪಳಗಿತ್ತು. ಈಗಂತೂ ಕೇಳುವುದೇ ಬೇಡ.

ಅಳಿಯಾರು ಕಾರನ್ನು ಬೇವಿನ ಗಿಡದ ಕೆಳಗೆ ನಿಲ್ಲಿಸಿ, "ಅಪ್ಪಾರು ದಿನಾ ತಾವ ತೊಳೀತಾರ್ರಿ. ನಮಗ ಕೈ ಹಚ್ಚಾಕ ಬಿಡೂದಿಲ್ಲ" ಅಂದರು. ನನಗೆ ಅಷ್ಟೇ ಸಾಕಾಯಿತು. ಗಿಡದ ತುಂಬ ಕಾಗೆ. ಬೀಗರ ಬಿಳಿ ಕಾರು, ಮೇಲೆ ಕಾಗೆ! ಅವರು ಬೇಡವೆಂದರೂ ಕೇಳದೆ ಕಾರನ್ನು ಅಲ್ಲಿಂದ ಎಬ್ಬಿಸಿ, ಪಕ್ಕದ ಗ್ರಿಲ್ ಅಂಗಡಿಯ ಮಗ್ಗುಲಿಗೆ ನಿಲ್ಲಿಸುವಂತೆ ಮಾಡಿದೆ. ಅಲ್ಲಿ ಸಂಜೆಯವರೆಗೂ ಕಿಟಕಿಯ ಸರಳುಗಳನ್ನು ಸಾಣೆ ಹಿಡಿದರು. ಕಿಡಿಗಳು ದೀಪಾವಳಿಯ ಹೂಕುಂಡದಂತೆ ಹಾರಿದವು. ನಾನೂ ಕಟ್ಟೆಯ ಮೇಲೆ ಕೂತು ಚೆಂದವೆಂದು ನೋಡಿದೆ. ರಾತ್ರಿ ಜಿಟಿಜಿಟಿ ಮಳೆಯಾಯಿತು.

ಬೆಳಿಗ್ಗೆ ನೋಡಿದರೆ, ಕಾರಿಗೆ ದಡಾರ ಎದ್ದಿತ್ತು! ಅಂಗಡಿಯ ಕಡೆಯ ಬಾಗಿಲು, ಬಾನೆಟ್ಟು ಎಲ್ಲ ಕಡೆ ಸಾಸಿವೆಗಿಂತ ಸಣ್ಣ ಕೆಂಚು ಚುಕ್ಕೆ. ಬೆರಳಾಡಿಸಿದರೆ ಮುಳ್ಳು ಮುಳ್ಳು. ಹಾರಿದ ಕಬ್ಬಿಣ ಬಿಸಿಬಿಸಿಯಾಗಿ ಬಣ್ಣದೊಳಗೆ ಹೂತು, ಮಳೆಗೆ ತುಕ್ಕು ಹಿಡಿದಿತ್ತು. ಒದ್ದೆ ಬಟ್ಟೆಯಿಂದ ಒರೆಸಿದೆ, ಹೋಗಲಿಲ್ಲ. ಉಗುರಿನಿಂದ ಕೆರೆದೆ, ಉಗುರು ಮುರಿಯಿತು. ಬೀಗರು ಕಾರಿನ ಸುತ್ತ ತಿರುಗಿ ನೋಡುವುದು, ಆಮೇಲೆ ನನ್ನ ತಂಗಿಯ ಕಡೆ ತಿರುಗಿ ನೋಡುವುದು, ಎರಡೂ ಕಣ್ಣಿಗೆ ಕಟ್ಟಿದವು. ಆ ಮನೆಯಲ್ಲಿ ಅವಳು ಬಾಯಿ ಸತ್ತು ಬಾಳಬೇಕಾದರೆ ಅದಕ್ಕೆ ಕಾರಣ ನನ್ನ ಕಾಗೆ.

ಒಳಗೆ ಅವ್ವ ಅಳಿಯನಿಗೆಂದು ಹೋಳಿಗೆಯ ಹೂರಣ ರುಬ್ಬುತ್ತಿದ್ದಳು. ತಂಗಿ ಕಣಕ ನಾದುತ್ತಿದ್ದವಳು ನನ್ನ ಮುಖ ನೋಡಿ ಹೊರಗೆ ಬಂದಳು. ಕಾರು ನೋಡಿ ಅಳುತ್ತಾಳೆಂದುಕೊಂಡೆ. ಅವಳು ಚುಕ್ಕೆಯ ಮೇಲೆ ಬೆರಳಿಟ್ಟು, "ಅಣ್ಣಾ, ಗಾಜಿನ ಬಳಿ ಒಡದ್ರ ನೆಲದಾಗಿನ ಚೂರು ಅವ್ವ ಹೆಂಗ ತಗೀತಾಳ?" ಅಂದಳು.

"ಹಿಟ್ಟು ಒತ್ತಿ ತಗೀತಾಳ."

"ಮತ್ತ? ಹುಣಸಿ ನೀರು ತೊಗೊಂಡ್ ಬಾ."

ತಾಮ್ರದ ಕೊಡ ಬೆಳಗುವ ಹುಣಸೆಯ ನೀರಲ್ಲಿ ಬಟ್ಟೆ ಅದ್ದಿ ಚುಕ್ಕೆಗಳ ಮೇಲೆ ಹಾಸಿದೆವು. ತುಕ್ಕು ಸಡಿಲಾಯಿತು. ತೊಳೆದು, ಹಸಿಯಾಗಿರುವಾಗಲೇ ಎಣ್ಣೆ ಕುಡಿದ ಕಣಕದ ಉಂಡೆಯನ್ನು ಮೆಲ್ಲಗೆ ಒತ್ತಿ ಜಾರಿಸಿದಳು. ಉಂಡೆಯಲ್ಲಿ ಕರಿ ಕಣಗಳು ಗಸಗಸೆಯಂತೆ ಎದ್ದು ಬಂದವು! "ಅದನ್ನ ಒಳಗ ಮಡಚು, ಇಲ್ಲಾಂದ್ರ ಬಣ್ಣ ಗೀರ್ತತಿ" ಎಂದು ನನಗೂ ಒಂದು ಉಂಡೆ ಕೊಟ್ಟಳು. ಬಾನೆಟ್ಟು ಮುಗಿಸಿ ಬಾಗಿಲಿಗೆ ಬಂದಾಗ ಹಿಂದಿನಿಂದ ದನಿ ಬಂತು.

"ಏನ್ರಿ ಭಾವಾರ, ನಮ್ಮ ಕಾರಿಗೂ ಹೋಳಿಗಿ ಮಾಡಾಕತ್ತೀರೇನು?"

ಅಳಿಯಾರು ಹಲ್ಲುಜ್ಜುವ ಬೇವಿನ ಕಡ್ಡಿ ಹಿಡಿದು ನಿಂತಿದ್ದರು. ನಾನು ಕಾಗೆಯಿಂದ ಶುರು ಮಾಡುವುದರೊಳಗೆ ತಂಗಿ, "ಸುಮ್ನ ನಿಂತು ನೋಡಬ್ಯಾಡ್ರಿ. ನಿಮ್ಮಪ್ಪಾರು ನೋಡಿದ್ರ ಮೊದಲು ಬೈಸ್ಕೊಳ್ಳಾವ್ರು ನೀವ" ಎಂದು ಒಂದು ಉಂಡೆಯನ್ನು ಅವರ ಕೈಗೆ ತುರುಕಿದಳು.

"ಅದೂ ಖರೇನ" ಎಂದು ಅವರು ಕಡ್ಡಿ ಬಿಸಾಕಿ ತೋಳು ಏರಿಸಿದರು.

"ಕಣಕ ಎಲ್ಲೈತಿ?" ಎಂದು ಒಳಗಿನಿಂದ ಅವ್ವ ಕೂಗಿದಾಗ ಮೂವರೂ ಮುಖ ಮುಖ ನೋಡಿಕೊಂಡೆವು. ಮತ್ತೆ ಹಿಟ್ಟು ಕಲಸಬೇಕಾಯಿತು. ಎಣ್ಣೆಯ ಪಸೆಯನ್ನು ಸೀಗೆಪುಡಿ ಹಾಕಿ ತೊಳೆದ ಮೇಲೆ ಕಾರು ಅಭ್ಯಂಜನ ಮುಗಿಸಿದ ಮದುಮಗನಂತಾಯಿತು. ಊಟಕ್ಕೆ ಕೂತಾಗ ನಾನು ಹೋಳಿಗೆಯನ್ನು ಬೆಳಕಿಗೆ ಹಿಡಿದು ಹಿಡಿದು ತಿಂದೆ. ಹೊಸ ಕಣಕ ಎಂದು ಗೊತ್ತಿತ್ತು. ಆದರೂ ಕಬ್ಬಿಣ ಕಬ್ಬಿಣವೇ.

ಹೊರಡುವಾಗ ಬಾಗಿಲ ಹಿಡಿಯ ಕೆಳಗೆ ಉಳಿದಿದ್ದ ಎರಡು ಚುಕ್ಕೆ ನನ್ನ ಕಣ್ಣಿಗೇ ಬೀಳಬೇಕೇ! ಕಣಕ ತರಲು ಒಳಗೆ ಓಡಬೇಕೆಂದು ತಿರುಗಿದೆ. ಅಳಿಯಾರು ತಡೆದು, "ಬಿಡ್ರಿ ಭಾವಾರ. ಸೊಸಿ ತವರುಮನಿಯವರು ದೃಷ್ಟಿಬೊಟ್ಟು ಇಟ್ಟಾರ ಅಂತ ಅಪ್ಪಾರಿಗೆ ನಾನ ಹೇಳ್ತೀನಿ" ಅಂದರು.

"ನೀವ? ಹೇಳ್ತೀರಿ ಹೇಳ್ತೀರಿ! ಅವರು ಕೆಮ್ಮಿದ್ರ ಕೋಣ್ಯಾಗ ಹೊಕ್ಕೋತೀರಿ. ನಾನ ಹೇಳ್ತೀನಿ, ಮಾವಾರು ನನ್ನ ಮಾತಿಗೆ ನಗ್ತಾರ" ಎಂದು ತಂಗಿ ಮುಂದಿನ ಸೀಟಿನಲ್ಲಿ ಕೂತಳು. ಅಳಿಯಾರು ಸ್ಟೇರಿಂಗ್ ಹಿಡಿದು ಇನ್ನೂ ನಗುತ್ತಲೇ ಇದ್ದರು.

ಕಾರು ಓಣಿ ದಾಟುವಾಗಲೂ ಅವಳ ಕೈ ಕಿಟಕಿಯ ಹೊರಗೆ ಆಡುತ್ತಿತ್ತು, ಗಂಡನಿಗೆ ಇನ್ನೂ ಏನೋ ಅನ್ನುತ್ತಿದ್ದಳು. "ಛಲೋ ಅದಾರ" ಅಂದರೆ ಛಲೋ ಇದ್ದಾರೆ ಎಂದೇ ಅರ್ಥವಿದ್ದೀತು ಎಂಬುದು ನನಗೆ ಹೊಳೆದಿರಲೇ ಇಲ್ಲ. ಕಟ್ಟೆಯ ಮೇಲೆ ಕೂತೆ. ಉಗುರಿನ ಸಂದಿಯಲ್ಲಿ ಕಣಕ ಒಣಗಿತ್ತು. ಮೇಲೆ ಚಾಚಿದ ಬೇವಿನ ಕೊಂಬೆಯಿಂದ ಕಾಗೆಯೊಂದು ನನ್ನ ಅಂಗಿಯ ಮೇಲೆಯೇ ತನ್ನ ಕೆಲಸ ಮುಗಿಸಿತು. ಇರಲಿ ಬಿಡು ಅಂದುಕೊಂಡೆ.