ಸೋಮವಾರ ಹೂಡದ ಫಟಫಟಿ

ಪಕ್ಕದ ಮನೆಯವರು ಸಂಜೆ ಕುಸುಬಿ ಎಣ್ಣೆಯಲ್ಲಿ ಮಿರ್ಚಿ ಭಜಿ ಕರಿದರೆ ಓಣಿಯವರ ಬಾಯಲ್ಲೆಲ್ಲ ನೀರೂರುತ್ತದೆ. ನಾನು ಮಾತ್ರ ಬಾಗಿಲಿಗೆ ಬಂದು ಮೋಟಾರ್ ಸೈಕಲ್ ಬಂತೇನೋ ಎಂದು ನೋಡುತ್ತೇನೆ. ನಗಬೇಡಿ, ಕಾರಣ ಹೇಳುತ್ತೇನೆ.

ನಾನು ಮದುವೆಯಾಗಿ ಗೊಳಸಂಗಿಗೆ ಬಂದದ್ದು ಅರವತ್ತನೆಯ ಇಸವಿಯ ಆಚೀಚೆ. ನಮ್ಮವರಿಗೆ ದನದ ದವಾಖಾನೆಯಲ್ಲಿ ಕೆಲಸ. ಹಳ್ಳಿ ಹಳ್ಳಿ ತಿರುಗಲು ಒಂದು ಮೋಟಾರ್ ಸೈಕಲ್ ಇಟ್ಟಿದ್ದರು. ಯುದ್ಧದ ಕಾಲದ್ದು, ಎಷ್ಟೋ ಕೈ ದಾಟಿ ಸೊಲ್ಲಾಪುರದಿಂದ ಬಂದದ್ದು. ಅದು ಓಡಿದ ಮೈಲಿ ತೋರಿಸುವ ಯಂತ್ರ ನಾನು ಬರುವ ಮೊದಲೇ ದಣಿದು ನಿಂತಿತ್ತು. ನನ್ನ ಅತ್ತೆ ಅದನ್ನು ಫಟಫಟಿ ಎಂದು ಕರೆಯುತ್ತಿದ್ದರು. ಅವರ ಲೆಕ್ಕದಲ್ಲಿ ಅದು ಮನೆಯ ಮೂರನೆಯ ಎತ್ತು.

ಎತ್ತು ಎಂದ ಮೇಲೆ ಸೋಮವಾರ ಹೂಡುವ ಹಾಗಿಲ್ಲ. ನಮ್ಮ ಕಡೆ ಅದು ಬಸವಣ್ಣನ ದಿನ, ಎತ್ತುಗಳಿಗೆ ರಜೆ. ಅತ್ತೆ ಎತ್ತುಗಳ ಮೈ ತೊಳೆಸಿ, ಹಣೆಗೆ ವಿಭೂತಿ ಹಚ್ಚಿ, ಅದೇ ಕೈಯಿಂದ ಫಟಫಟಿಯ ದೀಪದ ಮೇಲೂ ಮೂರು ಬೆರಳು ಎಳೆಯುತ್ತಿದ್ದರು. ಇವರಿಗೂ ಅದು ಅನುಕೂಲವೇ. ಆ ದಿನ ರೈತರು ಬಿಡುವಾದ ಎತ್ತುಗಳನ್ನು ತಾವೇ ದವಾಖಾನೆಗೆ ಹೊಡೆದುಕೊಂಡು ಬರುತ್ತಿದ್ದರು. ಸಂಜೆ ಅಂಗಳದಲ್ಲಿ ಗೋಣಿತಾಟು ಹಾಸಿ ಇವರು ಕೂತರೆಂದರೆ ಮುಗಿಯಿತು. ಪ್ಲಗ್ ಬಿಚ್ಚಿ ಮಸಿ ಕೆರೆಯುವುದು, ಹಳೆ ಬ್ಲೇಡು ತೂರಿಸಿ ಅದರ ಸಂದು ನೋಡುವುದು, ಪಾನಾ ಹಾಕಿ ನಟ್ಟು ತಿರುವಿ ಚೈನು ಬಿಗಿ ಮಾಡುವುದು, ಎಣ್ಣೆ ಕರ್ರಗಾಗಿದ್ದರೆ ಇಳಿಸಿ ಹೊಸದು ಹಾಕುವುದು. ನನ್ನ ಕೈ ಹಿಡಿದದ್ದಕ್ಕಿಂತ ಪಾನಾ ಹಿಡಿದದ್ದೇ ಹೆಚ್ಚು ಎಂದು ನಾನು ಸಿಡುಕುತ್ತಿದ್ದುದೂ ಉಂಟು.

ಒಂದು ವರ್ಷ ಇಂಡಿಯಲ್ಲಿ ನನ್ನ ತಂಗಿಯ ಮದುವೆ. ನಮಗೆ ತಾಯಿ ಇರಲಿಲ್ಲ. ಮಂಗಳವಾರ ಮಧ್ಯಾಹ್ನ ಅರಿಶಿನ. ಮೊದಲು ನಾನೇ ಹಚ್ಚಬೇಕು. "ಅಕ್ಕ ಬರೂತನಕ ನಾ ಮಣಿ ಮ್ಯಾಲ ಕೂಡಂಗಿಲ್ಲ" ಎಂದು ಅವಳು ಹೇಳಿ ಕಳಿಸಿದ್ದಳು. ಕುಸುಬಿ ರಾಶಿ ಮುಗಿಯದೆ ನಾನು ಮನೆ ಬಿಡುವಂತಿರಲಿಲ್ಲ. ಬಸ್ಸಿಗೆ ಕಾದರೆ ಹೊತ್ತು ಮೀರುತ್ತಿತ್ತು. ಮಂಗಳವಾರ ನಸುಕಿಗೇ ಫಟಫಟಿಯ ಮೇಲೆ ಹೊರಡುವುದೆಂದಾಯಿತು.

ಸೋಮವಾರ ಇವರು ಹಳೆ ಎಣ್ಣೆ ಇಳಿಸಿ, ಹೊಸ ಎಣ್ಣೆಯ ಡಬ್ಬಿ ತೆಗೆದಿಟ್ಟಿದ್ದರು. ಅಷ್ಟರಲ್ಲಿ ಊರೊಳಗೆ ಯಾರದೋ ಎಮ್ಮೆ ಈಯಲು ಕಷ್ಟಪಡುತ್ತಿದೆ ಎಂದು ಕರೆ ಬಂತು. ಹೋಗಿ ಬಂದು ನೋಡಿದರೆ ಡಬ್ಬಿ ಬರಿದು.

"ಯವ್ವಾ, ಇದರಾಗಿನ ಎಣ್ಣಿ ಎಲ್ಲಿ?"

"ಹಳೇದು ಹೊಸಾದು ಎರಡೂ ಚಕ್ಕಡಿ ಅಚ್ಚಿಗಿ ಹಾಕಿದ್ನೆಪಾ. ಭಾಳ ಕಿರಗುಡತಿತ್ತು."

"ಮತ್ತ ಫಟಫಟಿಗಿ?"

"ಅದಕ್ಕ ಆ ಹೊಲಸ ಎಣ್ಣಿ ಯಾಕ? ನಾಳಿ ದೂರದ ಹಾದಿ ಐತಿ. ಗಾಣದಿಂದ ತಂದ ಹೊಸಾ ಕುಸುಬಿ ಎಣ್ಣಿ ಕುಡಿಸೇನಿ."

ದೂರ ಹೋಗುವ ಎತ್ತಿಗೆ ಹಿಂದಿನ ದಿನ ಎಣ್ಣೆ ಕುಡಿಸುವುದು ಅವರ ರೂಢಿ. ಅದಕ್ಕೆಂದೇ ಇದ್ದ ಬಿದಿರಿನ ಗೊಟ್ಟದಿಂದ, ಒಂದು ಹನಿ ಚೆಲ್ಲದಂತೆ, ಮಗ ಎಣ್ಣೆ ಹಾಕುವ ಬಾಯಿಗೇ ಸುರಿದಿದ್ದರು. ನನಗೆ ಅಳುವೇ ಬಂತು. ಇವರು ಗೊಟ್ಟ ನೋಡಿದರು, ತಾಯಿಯ ಮುಖ ನೋಡಿದರು. "ಛಲೋ ಮಾಡಿದಿ ಯವ್ವಾ" ಎಂದರು.

"ಓಡತೈತೇನ್ರಿ?" ಎಂದು ನಾನು ಒಳಗೆ ಕರೆದು ಕೇಳಿದೆ.

"ಬಿಸಿ ಇರೂತನಕ ಓಡತೈತಿ. ಆಮ್ಯಾಲ ಅಂಟಾಗಿ ಕೂಡತೈತಿ, ಇಂಜಿನ್ ಹೋದರೂ ಹೋತು. ನೀ ಹೊತ್ತಿಗಿ ಮುಟ್ಟಬೇಕಷ್ಟ."

ಮೆಲ್ಲಗೆ, ಎಲ್ಲೂ ಆರಲು ಬಿಡದೆ ಹೋದೆವು. ಬಿಜಾಪುರ ದಾಟುವಾಗ ಇಂಜಿನ್ ಎಣ್ಣೆ ಮಾರುವ ಅಂಗಡಿಗಳಿನ್ನೂ ಬಾಗಿಲು ತೆಗೆದಿರಲಿಲ್ಲ. ಹಿಂದೆ ನೀಲಿ ಹೊಗೆ, ಹಾಯ್ದ ಊರೆಲ್ಲ ಭಜಿಯ ವಾಸನೆ. ಒಂದು ಕಡೆ ಚಹಾದಂಗಡಿಯವನು "ಏನ್ ಕರಿಯಾಕತ್ತೀರಿ?" ಎಂದು ಕೂಗಿಯೇ ಕೇಳಿದ. ನಾನು ಸೆರಗು ಮುಚ್ಚಿಕೊಂಡು ಗೊತ್ತಿದ್ದ ದೇವರ ಹೆಸರನ್ನೆಲ್ಲ ಹೇಳುತ್ತ ಕೂತಿದ್ದೆ. ಇಂಡಿಯಲ್ಲಿ ತಂಗಿ ಮಣೆಯ ಮುಂದೆ ನಿಂತೇ ಇದ್ದಳು. ನನ್ನನ್ನು ಕಂಡ ಮೇಲೆ ಕೂತಳು. ಅರಿಶಿನ ಹಚ್ಚುವಾಗ ಇಬ್ಬರೂ ಅತ್ತೆವು. ಆಮೇಲೆ ಅವಳು ನನ್ನ ಸೀರೆ ಮೂಸಿ ನಕ್ಕುಬಿಟ್ಟಳು.

ಮದುವೆ ಮುಗಿಸಿ, ಐದಾರು ದಿನ ಕಳೆದು ಹೊರಡುವಾಗ ಎಷ್ಟು ಒದ್ದರೂ ಫಟಫಟಿ ಅಲುಗಲಿಲ್ಲ. ಲಿಂಬೆಹಣ್ಣಿನ ಲಾರಿಯೊಂದರಲ್ಲಿ ಅದನ್ನು ಹೇರಿಕೊಂಡು ಊರಿಗೆ ಬಂದೆವು. ಇಳಿಸುವುದನ್ನು ನೋಡಿ ಅತ್ತೆ ಗಾಬರಿಯಾದರು.

"ಏನಾತೋ ಇದಕ್ಕ? ಎಣ್ಣಿ ಕಡಿಮಿ ಆತೇನು?"

"ಇಲ್ಲ ಯವ್ವಾ. ಇವತ್ತ ಸೋಮವಾರ ನೋಡು. ಏನ್ ಮಾಡಿದ್ರೂ ಏಳಲಿಲ್ಲ."

ಅತ್ತೆಯ ಮುಖ ಅರಳಿತು. "ನೋಡಿದೇನು? ನಿನಗಿಂತ ಅದಕ್ಕ ತಿಳಿತೈತಿ" ಎಂದು ಅದರ ಬೆನ್ನು ಸವರಿದರು.

ಮುಂದೆ ಎಷ್ಟೋ ಸಂಜೆ ಇವರು ಬಿಡಿಭಾಗಗಳನ್ನು ಸೀಮೆಎಣ್ಣೆಯಲ್ಲಿ ನೆನೆಸಿ ಅಂಟು ಕೆರೆದರು. ಅಲ್ಲಿಯವರೆಗೆ ಹಳ್ಳಿಗಳಿಗೆ ಬಾಡಿಗೆ ಸೈಕಲ್ ತುಳಿದರು. ತಮ್ಮ ಎಣ್ಣೆಯಿಂದಲೇ ಸೊಸೆ ಹೊತ್ತಿಗೆ ಮುಟ್ಟಿದಳು ಎಂದು ಅತ್ತೆ ಕೊನೆಯವರೆಗೂ ಊರಿಗೆಲ್ಲ ಹೇಳುತ್ತಿದ್ದರು. ಸುಳ್ಳೂ ಅಲ್ಲ ಬಿಡಿ. ಇವರ ಮೇಲೆ ನನಗೆ ನಿಜವಾದ ಪ್ರೀತಿ ಹುಟ್ಟಿದ್ದು ಲಾರಿಯಿಂದ ಇಳಿದ ಆ ಸಂಜೆ.

ಇಷ್ಟು ಬರೆಯುವಷ್ಟರಲ್ಲಿ ಮಗ ಚೀಲ ಹಿಡಿದು ಬಂದು, ಹೊರಟೆ ಎಂದ. ಅವನು ರಜೆ ಮುಗಿಸಿ ಹೋಗುವಾಗೆಲ್ಲ ನಾನು ಅಳವಿ ಕಾಳಿನ ಉಂಡೆ ಕಟ್ಟಿ ಕೊಡುತ್ತೇನೆ.

"ಹ್ವಾದ ಸಲದ ಉಂಡಿ ಹೆಂಗಿದ್ದುವೋ?" ಎಂದೆ.

"ಭಾಳ ಛಲೋ ಇದ್ದು ಯವ್ವಾ" ಎಂದ, ಥೇಟ್ ಅಪ್ಪನ ದನಿಯಲ್ಲಿ.

ಇಷ್ಟು ವರ್ಷ ಆ ಮಾತಿಗೆ ಹಿಗ್ಗುತ್ತಿದ್ದೆ. ಇವತ್ತು ಡಬ್ಬಿ ತುಂಬುವ ಮೊದಲು ಒಂದು ಉಂಡೆ ನಾನೇ ಕಚ್ಚಿ ನೋಡಿದೆ.