ಸಿಂಗಳೀಕಕ್ಕೂ ಕೊಕ್ಕರೆಗೂ ಏನು ವ್ಯತ್ಯಾಸ?

ಸ್ಟ್ರೋಕ್ ಆದ ಮೇಲೆ ನನ್ನ ಗಂಡನ ಬಲಗೈ ಬೇಗ ಚೇತರಿಸಿಕೊಂಡಿತು. ಮಾತು ಮಾತ್ರ ಬರಲಿಲ್ಲ. ಕಾರ್ಕಳದಿಂದ ಕುದುರೆಮುಖದ ಘಾಟಿಗೆ ವರ್ಷಗಟ್ಟಲೆ ಬಸ್ಸು ಓಡಿಸಿದವರು. ಮನೆಗೆ ಬಂದರೆ ಬಾಯಿಗೆ ಬ್ರೇಕೇ ಇರಲಿಲ್ಲ. ಅದರಲ್ಲೂ ದಾರಿಯಲ್ಲಿ ಅಪರೂಪಕ್ಕೆ ಸಿಂಗಳೀಕ ಕೋತಿ ಕಂಡ ದಿನ ಕೇಳುವುದೇ ಬೇಡ. ಅದರ ಕಪ್ಪು ಮೈ, ಮುಖದ ಸುತ್ತ ಬಿಳಿ ಕೂದಲು, ಅದಕ್ಕೆ ಬಾಳೆಹಣ್ಣು ಎಸೆಯಲು ಹೋದ ಪ್ರಯಾಣಿಕನಿಗೆ ತಾವು ಬೈದ ಬೈಗುಳ, ಎಲ್ಲವೂ ಊಟ ಮುಗಿಯುವವರೆಗೆ ನಡೆಯುತ್ತಿತ್ತು.

ಈಗ ಮಣಿಪಾಲದಲ್ಲಿ ಮಾತಿನ ಚಿಕಿತ್ಸೆ. ಕಾಪುವಿನಿಂದ ಬಸ್ಸು ಹಿಡಿದು, ಉಡುಪಿಯಲ್ಲಿ ಇಳಿದು, ಇನ್ನೊಂದು ಹತ್ತಿ ಹೋಗಬೇಕು. ಅಲ್ಲಿಯ ಮೇಡಂ ಚಿತ್ರದ ಕಾರ್ಡು ತೋರಿಸಿ ಹೆಸರು ಹೇಳಿಸುತ್ತಿದ್ದರು. ಕೊಡೆ, ಚೆಂಬು, ಬಾಚಣಿಗೆ. ಒಂದೊಂದಕ್ಕೂ ಇವರು ಬೆವರುತ್ತಿದ್ದರು. ಇವರ ಸಿಂಗಳೀಕದ ಕಥೆ ನನ್ನಿಂದ ತಿಳಿದ ಮೇಲೆ ಮೇಡಂ ಒಂದು ದಿನ ಎರಡು ಚಿತ್ರ ಇಟ್ಟರು.

"ಇದು ಸಿಂಗಳೀಕ, ಇದು ಕೊಕ್ಕರೆ. ವ್ಯತ್ಯಾಸ ಎಂತ? ವಾಕ್ಯ ಮಾಡಿ ಹೇಳಿ."

ಇವರು ತುಟಿ ಅಲುಗಿಸಿದರು, ಆಮೇಲೆ ತಲೆ ತಗ್ಗಿಸಿದರು.

ಮರುದಿನದಿಂದ ಮನೆಯೆದುರಿನ ಗದ್ದೆಯ ಬದಿಗೆ ಕುರ್ಚಿ ಹಾಕಿ ನಾನೇ ಟೀಚರಾದೆ. ಗದ್ದೆ ಉಳುವ ಟಿಲ್ಲರಿನ ಹಿಂದೆ ಕೊಕ್ಕರೆಗಳು ಸಂತೆಗೆ ಬಂದ ಹಾಗೆ ನೆರೆದಿರುತ್ತಿದ್ದವು.

"ಅದು ಎಂತ, ಹೇಳಿ?"

"ಕೊ... ಕೊಕ್ಕರೆ."

"ಸಿಂಗಳೀಕ ಎಲ್ಲಿರ್ತದೆ?"

"ಮೇಲೆ."

ಅಷ್ಟೇ. ವಾಕ್ಯ ಮಾಡಲು ಹೋದರೆ ಬಾಯಿ ಕಟ್ಟುತ್ತಿತ್ತು. ಕೊಕ್ಕರೆಯಷ್ಟು ಧಾರಾಳವಾಗಿದ್ದ ಮಾತು ಸಿಂಗಳೀಕದಷ್ಟು ಅಪರೂಪವಾಗಿತ್ತು. ಇನ್ನು ಇಷ್ಟೆಯೋ ಏನೋ ಎಂದು ನನಗೆ ಹೆದರಿಕೆ. ಹೆದರಿದರೆ ನನಗೆ ಬರುವುದು ಸಿಟ್ಟು. ಪಾಪದ ಕೊಕ್ಕರೆಗಳಿಗೂ ಬೈದೆ.

ಗದ್ದೆಯಲ್ಲಿ ಭತ್ತದ ನೇಜಿ ನೆಟ್ಟು ಮುಗಿದ ಮೇಲೆ ಒಂದು ದಿನ ಮೇಡಂ ಮತ್ತೆ ಅದೇ ಚಿತ್ರಗಳನ್ನು ಇಟ್ಟರು. ಇವರು ಬಹಳ ಹೊತ್ತು ನೋಡಿದರು.

"ಸಿಂಗಳೀಕ... ಕಾಡಿಗೆ ಹೋದ್ರೂ... ಸಿಗ್ಲಿಕ್ಕಿಲ್ಲ."



"ಮತ್ತೆ ಕೊಕ್ಕರೆ?" ಮೇಡಂ ಕೇಳಿದರು.

"ಅದು... ದಿನಾ ಬರ್ತದೆ." ಇವರು ನನ್ನ ಕಡೆ ಕೈ ತೋರಿಸಿದರು. "ಇವಳ ಹಾಗೆ."

ಮೇಡಂ ಜೋರಾಗಿ ನಕ್ಕರು. ಇಷ್ಟು ವರ್ಷ ಬೇಯಿಸಿ ಹಾಕಿದ್ದಕ್ಕೆ ನಾನು ಕೊಕ್ಕರೆಯಾ ಎಂದು ಕೇಳಲು ಬಾಯಿ ತೆರೆದೆ. ಅಳು ಬಂತು. ಮೇಡಂಗೆ ಕೈ ಮುಗಿದೆ, ಇವರಿಗೂ ಮುಗಿಯಬೇಕೆನಿಸಿತು. ಇವರ ಕೈಯಲ್ಲಿ ಇದ್ದದ್ದೇ ನಾಲ್ಕು ಮಾತು; ಅದರಲ್ಲಿ ಎರಡನ್ನು ನನಗಾಗಿ ಖರ್ಚು ಮಾಡಿದ್ದರು.