ಮಾವನ ಮಗ ಏನಾಗಬೇಕು

ಕಮಲಾಪುರದಿಂದ ಕಲಬುರಗಿಗೆ ಹೋಗುವ ಬೆಳಗಿನ ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕರೆ ನಾನು ಓದುತ್ತಿರಲಿಲ್ಲ, ಕನಸು ಕಾಣುತ್ತಿದ್ದೆ. ತಾರ್ಕಿಕ ಸಾಮರ್ಥ್ಯದ ಪುಸ್ತಕ ತೊಡೆಯ ಮೇಲೆ ತೆರೆದೇ ಇರುತ್ತಿತ್ತು. ರಕ್ತಸಂಬಂಧದ ಲೆಕ್ಕಗಳ ಎ, ಬಿ, ಸಿಗಳಿಗೆ ಮೆಲ್ಲಗೆ ಮುಖಗಳು ಮೂಡುತ್ತಿದ್ದವು. ಎ ನನ್ನ ಅವ್ವ, ಬಿ ಅವಳ ಅಣ್ಣ, ಅಂದರೆ ನನ್ನ ಸೋದರಮಾವ. ಬಿಯ ಮಗ ಸಿ ಕೆಂಪು ಬಾಳೆಯ ಗೊನೆ ಹೊತ್ತು ತೋಟದಿಂದ ಬರುತ್ತಿದ್ದ. ಮಂಜಿನಲ್ಲಿ ಅವನ ಕಾಲುಗಳೇ ಕಾಣುತ್ತಿರಲಿಲ್ಲ.

ಆ ಸಿಯನ್ನೇ ನಾನು ಮದುವೆಯಾಗಬೇಕಿತ್ತು. ನಾನು ತೊಟ್ಟಿಲಲ್ಲಿದ್ದಾಗಲೇ ಆದ ಮಾತು. ಈ ಸಲ ಸರ್ಕಾರಿ ಪರೀಕ್ಷೆ ಪಾಸಾದರೆ ನೌಕರಿ, ಇಲ್ಲವಾದರೆ ಮದುವೆಯ ಅಕ್ಕಿಕಾಳು ಎಂದು ಅಪ್ಪ ಹೇಳಿಬಿಟ್ಟಿದ್ದ.

ಕಲಬುರಗಿಯ ಖೂಬಾ ಪ್ಲಾಟಿನ ಕೋಚಿಂಗ್ ಕ್ಲಾಸಿನಲ್ಲಿ ಒಂದು ದಿನ ಸರ್ ಕೇಳಿದರು: ಹುಡುಗಿಯ ತಾಯಿಯ ಅಣ್ಣನ ಮಗ ಆ ಹುಡುಗಿಗೆ ಏನಾಗಬೇಕು? ನಾನು ಕಿಟಕಿಯಾಚೆ ನೋಡುತ್ತಲೇ, “ಗಂಡ ಆಗಬೇಕ್ರಿ ಸರ್” ಅಂದೆ. ಯಾರೂ ನಗಲಿಲ್ಲ. ಅರ್ಧ ಮಂದಿ ಅದನ್ನೇ ಬರೆದುಕೊಂಡಿದ್ದರು.

“ಸೋದರಸಂಬಂಧಿ” ಎಂದು ಸರ್ ತಿದ್ದಿದರು. “ಪ್ರಶ್ನೆದಾಗ ಇಲ್ಲದ್ದು ನೀವು ತಿಳ್ಕೋಬ್ಯಾಡ್ರಿ.”

ಆ ಮಾತು ನನ್ನ ಜೊತೆಗೇ ಬಸ್ಸು ಹತ್ತಿ ಊರಿಗೆ ಬಂತು. ಸಂಜೆ ಮಾವನ ಮಗ ಹಣ್ಣು ಕೊಡಲು ಬಂದಾಗ ಕಟ್ಟೆಯ ಮೇಲೆ ಕೂತು ಕೇಳಿದೆ.

“ನಮ್ಮ ಮದುವಿ ಬಗ್ಗೆ ನಿನಗ ಯಾರರೆ ಕೇಳ್ಯಾರೇನು?”

ಅವನು ಸಿಪ್ಪೆ ಸುಲಿಯುವುದನ್ನು ನಿಲ್ಲಿಸಿದ. “ಇಲ್ಲ. ನಿನಗ?”

“ನನಗೂ ಇಲ್ಲ.”

ಒಂದೊಂದೇ ಸುಲಿದು ಇಬ್ಬರೂ ಹಣ್ಣು ತಿಂದೆವು. ಅವನ ಮೇಲೆ ಅಷ್ಟು ಪ್ರೀತಿ ನನಗೆ ಹಿಂದೆಂದೂ ಬಂದಿರಲಿಲ್ಲ. ಅದು ಮದುವೆಯ ಪ್ರೀತಿಯಲ್ಲ ಎಂಬುದೂ ಆಗಲೇ ತಿಳಿಯಿತು.

ಪರೀಕ್ಷೆಯ ದಿನ ಕುಸನೂರಿನ ಕಡೆಯ ಕೇಂದ್ರಕ್ಕೆ ಅವನೇ ಬೈಕಿನಲ್ಲಿ ಬಿಟ್ಟ. ಪತ್ರಿಕೆಯಲ್ಲಿ ಹೆಚ್ಚುಕಡಿಮೆ ಅದೇ ಪ್ರಶ್ನೆ ಇತ್ತು. ಉತ್ತರಗಳ ಸಾಲಿನಲ್ಲಿ ಗಂಡ ಎಂಬುದೂ ಇತ್ತು. ಸೋದರಸಂಬಂಧಿಯ ಎದುರಿನ ಪುಟ್ಟ ವೃತ್ತವನ್ನು ಕಪ್ಪು ಮಾಡುವಾಗ ಎದೆ ಹಗುರಾಗಿ, ಕಣ್ಣು ಒದ್ದೆಯಾಯಿತು.

ಹೊರಗೆ ಬೇವಿನ ಮರದಡಿ ಕಾಯುತ್ತಿದ್ದವನು ಕೇಳಿದ, “ಹೆಂಗಾತು?”

“ನೀ ನನಗೇನಾಗಬೇಕಂತ ಕೇಳಿದ್ರು.”

“ಏನ್ ಬರದಿ?”

“ಗಂಡ ಅಲ್ಲ ಅಂತ.”

“ಹಂಗಾದ್ರ ಪಾಸಾಗ್ತಿ ಬಿಡು” ಎಂದು ಬೈಕು ಶುರು ಮಾಡಿದ. ದಾರಿಯುದ್ದಕ್ಕೂ ಏನೋ ಗುನುಗುತ್ತಿದ್ದ.

ಫಲಿತಾಂಶ ಬಂದಾಗ ಊರಿಗೆಲ್ಲ ಪೇಡೆ ಹಂಚಿದವನು ಅವನು. ಪಾಸಾದದ್ದು ಆಕಿ, ಇವನಿಗ್ಯಾಕ ಇಷ್ಟು ಖುಷಿ ಎಂದು ಅವ್ವ ಕೇಳಿದಳು. ಅವನು ನನ್ನ ಮುಖ ನೋಡಿದ. ಆಮೇಲೆ ಅವ್ವನ ಬಾಯಿಗೂ ಒಂದು ಪೇಡೆ ಇಟ್ಟ.